ಬ್ರೇಕರ್ ಇಳಿಸಿದ ಕೈ

ಯಂತ್ರ ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳುವುದೇನಿದ್ದರೂ ಮನುಷ್ಯರು. ಇಂಜಿನಿಯರಿಂಗ್ ಓದುವಾಗ ನಾನು ಸ್ವಂತ ಬುದ್ಧಿಯಿಂದ ಕಂಡುಕೊಂಡ ಸತ್ಯ ಇದೊಂದೇ. ಉಳಿದದ್ದೆಲ್ಲ ಗೆಳತಿಯರ ನೋಟ್ಸಿನಿಂದ ಬಂದದ್ದು.

ನಾನು ಹುಟ್ಟಿನಿಂದಲೇ ಸಂಶಯದವಳು. ಮೀನಿನವರು ಬಂಗುಡೆ ತೂಗುವಾಗ ತಕ್ಕಡಿಯ ಅಡಿಗೆ ಬಗ್ಗಿ ನೋಡುವವಳು. ಕಂಡಕ್ಟರ್ "ಸುಳ್ಯ, ಸುಳ್ಯ" ಎಂದು ಗಂಟಲು ಹರಿದುಕೊಂಡರೂ ಬೋರ್ಡು ಓದಿ, ಒಳಗೆ ಕೂತವರನ್ನು ವಿಚಾರಿಸಿ, ಆಮೇಲೆ ಬಸ್ಸು ಹತ್ತುವವಳು. ಮನೆಯಲ್ಲಿ ಯಾರಾದರೂ ಪಾಯಸ ಮುಗಿಯಿತು ಎಂದರೆ ಪಾತ್ರೆಯ ಮುಚ್ಚಳ ತೆಗೆಯದೆ ನಾನು ನಂಬಿದ ಉದಾಹರಣೆ ಇಲ್ಲ. ಇಂಥ ನನಗೆ ಪುತ್ತೂರಿನ ಒಂದು ಆಟೋಮೇಷನ್ ಕಂಪೆನಿಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನವೇ ನಮ್ಮ ರಾಜೇಶ್ ಸರ್ ನನ್ನನ್ನು ಎದುರು ಕೂರಿಸಿ ಉಪದೇಶ ಮಾಡಿದರು.

"ನೋಡು ದಿವ್ಯಾ, ನಮ್ಮ ಕೆಲಸದಲ್ಲಿ ಎಂತದ್ದನ್ನೂ ನಂಬ್ಲಿಕ್ಕೆ ಆಗುದಿಲ್ಲ. ವೈರಿನ ಬಣ್ಣ ನಂಬ್ಬೇಡ. ನಿನ್ನಿಂದ ಮೊದ್ಲು ಬಂದು ಹೋದ ಎಲೆಕ್ಟ್ರಿಷಿಯನ್ನಿನ ಮಾತು ನಂಬ್ಬೇಡ. ಎಲ್ಲ ಮೀಟರ್ ಹಿಡಿದು ನೋಡ್ಬೇಕು."

ಈ ಉದ್ಯೋಗ ನಾನು ಹುಟ್ಟುವ ಮೊದಲೇ ನನಗಾಗಿ ಕಾಯುತ್ತಿತ್ತು ಎಂದು ನನಗೆ ಖಾತ್ರಿಯಾಯಿತು. ಸರ್ ಹೇಳಿದ್ದು ವೈರುಗಳ ಬಗ್ಗೆ. ಅದನ್ನು ಮನುಷ್ಯರಿಗೂ ವಿಸ್ತರಿಸಿದ್ದು ನನ್ನ ಸ್ವಂತ ಕೊಡುಗೆ.

ಕಂಪೆನಿ ಎಂದ ಕೂಡಲೇ ಗಾಜಿನ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಚಪ್ಪಲಿ ಅಂಗಡಿಯೊಂದರ ಮೇಲಿನ ಎರಡು ಕೋಣೆ, ಅದರಲ್ಲಿ ಅರ್ಧ ಜೋಡಿಸಿದ ಕಬ್ಬಿಣದ ಪ್ಯಾನೆಲ್ಲುಗಳು, ಅವುಗಳ ನಡುವೆ ಸರ್, ಮತ್ತು ಈಗ ನಾನು. ಗೇರುಬೀಜದ ಫ್ಯಾಕ್ಟರಿ, ನೀರಿನ ಬಾಟ್ಲಿ ತುಂಬಿಸುವ ಘಟಕ, ಎಣ್ಣೆ ಮಿಲ್ಲು, ಹೀಗೆ ಈ ಸೀಮೆಯ ಯಂತ್ರಗಳಿಗೆಲ್ಲ ಬುದ್ಧಿ ತುಂಬುವುದು ನಮ್ಮ ಕಸುಬು.

ನಮ್ಮ ಮನೆ ಕಲ್ಲುಗುಂಡಿಯಲ್ಲಿ, ಮಡಿಕೇರಿ ರಸ್ತೆಯ ಬದಿಗೆ. ಇಂಡಸ್ಟ್ರಿಯಲ್ ಆಟೋಮೇಷನ್ ಎಂದರೆ ಏನೆಂದು ಅಮ್ಮನಿಗೆ ಒಂದು ಭಾನುವಾರವಿಡೀ ವಿವರಿಸಿದೆ. ಸೆನ್ಸರ್ ನೋಡುತ್ತದೆ, ಪಿಎಲ್‌ಸಿ ಎಂಬ ಪುಟ್ಟ ಪೆಟ್ಟಿಗೆ ಯೋಚಿಸುತ್ತದೆ, ಮೋಟಾರು ಹೇಳಿದಂತೆ ಕೇಳುತ್ತದೆ, ಮನುಷ್ಯರು ಕೈ ಹಾಕುವ ಅಗತ್ಯವೇ ಇಲ್ಲ. ಅಮ್ಮ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, ಪಕ್ಕದ ಮನೆಯವರಿಗೆ ಅದನ್ನು ಎರಡೇ ಪದಗಳಲ್ಲಿ ದಾಟಿಸಿದಳು. "ಕರೆಂಟಿನ ಕೆಲಸ."

ಕರೆಂಟೆಂದರೆ ಅಮ್ಮನಿಗೆ ಭಯ. ಘಟ್ಟದ ಬುಡದ ಊರು ನಮ್ಮದು. ಮಳೆಗಾಲ ಮುಗಿಯುತ್ತಾ ಬಂದಂತೆ ಸಂಜೆಯ ಹೊತ್ತು ಗುಡುಗು, ಸಿಡಿಲು. ಒಮ್ಮೆ ಸಿಡಿಲಿಗೆ ಟಿವಿಯೂ ಮಿಕ್ಸಿಯೂ ಒಟ್ಟಿಗೇ ತೀರಿಕೊಂಡ ಮೇಲೆ ನಮ್ಮ ಮನೆಯ ಕಟ್ಟಳೆ ಇನ್ನೂ ಬಿಗಿಯಾಯಿತು. ದೂರದಲ್ಲೆಲ್ಲೋ ಗುಡುಗಿದರೆ ಸಾಕು, ಮೈನ್ ಸ್ವಿಚ್ಚಿಗೆ ಯಾರು ಹತ್ತಿರ ಇದ್ದಾರೋ ಅವರು ಇಳಿಸಬೇಕು. ಅಡುಗೆಮನೆಯಿಂದ ಅಮ್ಮ "ಮೈನ್ ತೆಗ್ದಾಯ್ತಾ?" ಎಂದು ಕೇಳುವುದು, ನಾವು "ತೆಗ್ದೆ" ಎನ್ನುವುದು. ಸ್ಟೂಲು ಹತ್ತಲು ಕಲಿತ ದಿನದಿಂದ ನಾನು ಮಾಡಿಕೊಂಡು ಬಂದ ಮನೆಕೆಲಸ ಇದು. ಪುತ್ತೂರು, ಸುಳ್ಯ, ಕಡಬದ ಯಾವ ಮನೆಯಲ್ಲಿ ಕೇಳಿದರೂ ಇದೇ ಕತೆ ಇರುವುದರಿಂದ ಇದನ್ನು ವಿಶೇಷವಾಗಿ ಹೇಳಬೇಕಾದ್ದೂ ಇಲ್ಲ. ಅಂದ ಹಾಗೆ, ಅಮ್ಮ ಮಾತಾಡುವುದು ಅರೆಭಾಷೆ. ಓದುವವರಿಗೆ ತೊಡಕಾಗದಿರಲಿ ಎಂದು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಹಾಗೆ ತರುವಾಗ ಬೈಗುಳದ ಖಾರ ಸ್ವಲ್ಪ ಕಡಿಮೆಯಾಗಿದೆ.

ನನ್ನ ಮೊದಲ ಕೆಲಸ ಹಮೀದ್ ಹಾಜಿಯವರ ಎಣ್ಣೆ ಮಿಲ್ಲು. ಪುತ್ತೂರಿನಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ, ಕಡಬ ಮುಟ್ಟುವುದಕ್ಕೆ ತುಂಬ ಮೊದಲೇ, ಒಂದು ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲಿದೆ. ಹಾಜಿಯವರು ಬಹುಕಾಲ ಗಲ್ಫಿನಲ್ಲಿದ್ದು ಬಂದವರು. ಗಡ್ಡಕ್ಕೆ ಮದರಂಗಿ, ಬಾಯಲ್ಲಿ ಸದಾ ಒಂದು ಏಲಕ್ಕಿ, ಮಾತು ಕಡಿಮೆ. ಕೊಬ್ಬರಿ ಬೆಲ್ಟಿನಲ್ಲಿ ಬರಬೇಕು, ಬಿಸಿಯಾಗಬೇಕು, ಗಾಣಕ್ಕೆ ಬೀಳಬೇಕು, ಎಣ್ಣೆ ಒಂದು ಕಡೆ, ಹಿಂಡಿ ಇನ್ನೊಂದು ಕಡೆ ಹೋಗಬೇಕು, ಎಲ್ಲವೂ ತನ್ನಷ್ಟಕ್ಕೆ. ಅದಕ್ಕೆ ಬೇಕಾದ ಪ್ಯಾನೆಲ್ಲನ್ನು ಸರ್ ಕೂರಿಸಿ, ನನ್ನನ್ನು ಅದರ ಪಕ್ಕದಲ್ಲಿ ಕೂರಿಸಿದರು.

"ದೀಪಾವಳಿವರೆಗೆ ಮಿಲ್ಲು ನಿಲ್ಲದೆ ಓಡಿದ್ರೆ ನಿನ್ನ ಕೆಲಸ ಖಾಯಂ," ಎಂದರು ಸರ್. "ನಿಂತ್ರೆ ಹಾಜಿಯವರು ನಮ್ಮ ಪ್ಯಾನೆಲ್ ಕೀಳಿಸಿ ಹಳೆ ಸ್ಟಾರ್ಟರೇ ಹಾಕಿಸ್ತಾರೆ. ಮತ್ತೆ ಈ ಕಡೆಯಲ್ಲಿ ನಮಗೆ ಇನ್ನೊಂದು ಮಿಲ್ಲು ಸಿಗುದಿಲ್ಲ. ನಿಂಗೆ ಕೆಲಸವೂ ಇಲ್ಲ."

"ನಿಲ್ಲುದಿಲ್ಲ ಸರ್," ಎಂದೆ. ಎಷ್ಟು ಧೈರ್ಯದಿಂದ ಹೇಳಿದೆನೆಂದರೆ ಅವರು ನನ್ನನ್ನು ಸ್ವಲ್ಪ ಸಂಶಯದಿಂದ ನೋಡಿದರು.

ಮಿಲ್ಲಿನಲ್ಲಿ ಹಳೆಯ ಗಾಣವನ್ನು ಕೈಯಾರೆ ಓಡಿಸುತ್ತಿದ್ದವರು ವಸಂತಣ್ಣ. ಐವತ್ತು ದಾಟಿದ ವಯಸ್ಸು, ಹೆಗಲಿಗೊಂದು ಬೈರಾಸು ಎಂಬ ಟವೆಲು, ಬಾಯಲ್ಲಿ ಎಲೆ ಅಡಿಕೆ. ಹೊಸ ಪ್ಯಾನೆಲ್ಲಿನ ಮೊದಲ ದಿನ ನನ್ನ ಹತ್ತಿರ ಬಂದು ನಿಂತರು.

"ಮೇಡಂ, ಇನ್ನು ಇದೆಲ್ಲ ಇದ್ರಷ್ಟಕ್ಕೇ ಆಗುದಾ?"

"ಹೌದು."

"ಹಾಗಾದ್ರೆ ನಾನು ಎಂತ ಮಾಡುದು?"

ಕಾಲೇಜಿನಲ್ಲಿ ಕಲಿತ ಉತ್ತರ ನನ್ನ ಬಾಯಲ್ಲಿ ಸಿದ್ಧವಿತ್ತು. "ಆಟೋಮೇಷನ್ ಬಂದ್ರೆ ಮನುಷ್ಯನಿಗೆ ಇನ್ನೂ ಉನ್ನತವಾದ ಕೆಲಸ ಸಿಗ್ತದೆ."

"ಅದು ಎಂತದ್ದು?" ಎಂದು ಅವರು ಕೇಳಿದರು.

ಅದು ನಮ್ಮ ಸಿಲೆಬಸ್‌ನಲ್ಲಿ ಇರಲಿಲ್ಲ. "ಮುಂದೆ ಗೊತ್ತಾಗ್ತದೆ," ಎಂದು ಹೇಳಿ ಕಂಪ್ಯೂಟರಿನತ್ತ ತಿರುಗಿದೆ. ವಸಂತಣ್ಣ ಸ್ವಲ್ಪ ಹೊತ್ತು ಪ್ಯಾನೆಲ್ಲನ್ನು ನೋಡುತ್ತಾ ನಿಂತಿದ್ದು, ಆಮೇಲೆ ಹೋದರು. ಆ ನೋಟವನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಟ್ಟುಕೊಂಡೆ. ಅಪರಾಧಿಗಳು ಹಾಗೆಯೇ ನೋಡುವುದು.

ನನ್ನ ಕೋಣೆಯ ವರ್ಣನೆ ಇಲ್ಲಿ ಅಗತ್ಯ. ಒಂದು ಗೋಡೆಗೆ ಪ್ಯಾನೆಲ್ಲು, ಅದರ ಪಕ್ಕದಲ್ಲಿ ಆಳೆತ್ತರಕ್ಕೆ ಪ್ಯಾನೆಲ್ಲಿಗೆ ಕರೆಂಟು ಕೊಡುವ ಬ್ರೇಕರ್. ಕಪ್ಪು ಹಿಡಿ, ಮೇಲೆತ್ತಿದರೆ ಮಿಲ್ಲು ಓಡುತ್ತದೆ, ಕೆಳಗಿಳಿಸಿದರೆ ನಿಲ್ಲುತ್ತದೆ. ಅದರ ಪಕ್ಕದಲ್ಲೇ ಕಿಟಕಿ. ಇಡೀ ಮಿಲ್ಲಿನಲ್ಲಿ ಮೊಬೈಲಿಗೆ ರೇಂಜ್ ಸಿಗುವುದು ಆ ಕಿಟಕಿಯ ಹತ್ತಿರ ಮಾತ್ರ. ಹೆಜ್ಜೆ ಈಚೆಗಿಟ್ಟರೆ ಮಾತು ಕಡಿದುಹೋಗುತ್ತದೆ. ಹಾಗಾಗಿ ಯಾರ ಫೋನು ಬಂದರೂ ನಾನು ಆ ಕಿಟಕಿಗೆ ಒರಗಿ, ಹೊರಗಿನ ತೋಡು ನೋಡುತ್ತಾ ಮಾತಾಡುವುದು.

ಕೆಲವು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಒಂದು ಸಂಜೆ ಅಮ್ಮನ ಫೋನು. ಊಟ ಆಯಿತಾ, ನಾನು ಉಳಿದುಕೊಂಡಿದ್ದ ಪೀಜಿಯ ಸಾರಿನಲ್ಲಿ ಉಪ್ಪುಂಟಾ, ಜಾಗ್ರತೆ, ಹೀಗೆ ಮಾತು ನಡೆಯುತ್ತಿರುವಾಗಲೇ ಗಾಣದ ಶಬ್ದ ಒಮ್ಮೆಲೇ ಇಳಿದು ನಿಂತುಹೋಯಿತು. "ಅಮ್ಮಾ ಇಡ್ತೇನೆ, ಮೆಷಿನ್ ನಿಂತಿತು," ಎಂದು ಫೋನಿಟ್ಟು ನಾನು ಗಾಣದ ಕಡೆಗೆ ಓಡಿದೆ. ಕೊಬ್ಬರಿ ಸಿಕ್ಕಿಹಾಕಿಕೊಂಡಿರಬೇಕು ಎಂದುಕೊಂಡೆ. ಅಲ್ಲಿ ಏನೂ ಇಲ್ಲ. ವಾಪಸು ಓಡಿ ಬಂದರೆ ಬ್ರೇಕರ್ ಕೆಳಗಿತ್ತು. ಅದರ ಎದುರಿಗೆ ವಸಂತಣ್ಣ ನಿಂತಿದ್ದರು.

"ಎಂತಾಯ್ತು ಮೇಡಂ?" ಎಂದು ಅವರು ನನ್ನನ್ನು ಕೇಳಿದರು. ಕೇಳಬೇಕಾದವಳು ನಾನು.

ಗಾಣ ಮಧ್ಯದಲ್ಲಿ ನಿಂತರೆ ಒಳಗಿನ ಕೊಬ್ಬರಿ ತಣಿದು ಕಲ್ಲಾಗುತ್ತದೆ. ಅದನ್ನು ಬಿಚ್ಚಿ, ಹಾರೆಯಲ್ಲಿ ಕುತ್ತಿ ಕುತ್ತಿ ಹೊರಗೆ ತೆಗೆಯಬೇಕು. ಆ ಸಂಜೆಯೆಲ್ಲ ವಸಂತಣ್ಣನೂ ಕೊಬ್ಬರಿ ಹೆಕ್ಕುವ ಲೀಲಕ್ಕನೂ ಬೆವರು ಸುರಿಸಿಕೊಂಡು ಅದನ್ನೇ ಮಾಡಿದರು. ಹಾಜಿಯವರು ಬಂದು ನೋಡಿ, ಏಲಕ್ಕಿಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ಹಾಗೆಯೇ ತಿರುಗಿ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಮರುದಿನ ಎಲ್ಲ ವೈರುಗಳಿಗೂ ಮೀಟರ್ ಹಿಡಿದೆ. ಯಾವುದರಲ್ಲೂ ದೋಷವಿಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಅದೇ ಸಂಜೆಯ ಹೊತ್ತು, ನಾನು ಅಮ್ಮನಲ್ಲಿ ಮಾತಾಡುತ್ತಿದ್ದೆ, ಗಾಣ ನಿಂತಿತು, ನಾನು ಓಡಿದೆ, ತಿರುಗಿ ಬಂದಾಗ ಬ್ರೇಕರ್ ಕೆಳಗೆ, ಎದುರಿಗೆ ವಸಂತಣ್ಣ.

ಈ ಸಲ ನಾನು ಬ್ರೇಕರನ್ನು ಹತ್ತಿರದಿಂದ ಪರೀಕ್ಷಿಸಿದೆ. ಅದು ಹೆಚ್ಚು ಕರೆಂಟು ಹರಿದು ತಾನಾಗಿಯೇ ಬಿದ್ದರೆ ಹಿಡಿ ನಡುವಿನಲ್ಲಿ ನಿಲ್ಲುವ ಜಾತಿಯದ್ದು. ಇಲ್ಲಿ ಹಿಡಿ ಪೂರ್ತಿ ಕೆಳಗಿತ್ತು. ಅಂದರೆ ಅದು ಬಿದ್ದದ್ದಲ್ಲ. ಅದನ್ನು ಯಾವುದೋ ಒಂದು ಮನುಷ್ಯನ ಕೈ ಇಳಿಸಿದೆ.

ನನಗೆ ಬೇಜಾರಾಗುವ ಬದಲು ಮೈಯಲ್ಲಿ ಹುರುಪು ಬಂತು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಾನು ಮೊದಲೇ ಹೇಳಿರಲಿಲ್ಲವೇ? ನಾನು ಆ ಕ್ಷಣದಿಂದ ಇಂಜಿನಿಯರ್ ಆಗಿರುವುದನ್ನು ಬಿಟ್ಟು ಪತ್ತೇದಾರಿಣಿಯಾದೆ.

ಮೊದಲು ಲೀಲಕ್ಕನನ್ನು ವಿಚಾರಿಸಿದೆ. ವಿಚಾರಣೆ ಎಂದು ಗೊತ್ತಾಗದ ಹಾಗೆ, ಕೊಬ್ಬರಿಯ ರಾಶಿಯ ಬದಿ ಕೂತು, ಬಹಳ ಜಾಣತನದಿಂದ.

"ಲೀಲಕ್ಕಾ, ನಿಮಗೆ ಈ ಮೆಷಿನ್ ಇಷ್ಟ ಉಂಟಾ?"

"ಶಬ್ದ ಜಾಸ್ತಿ ಆಯ್ತು. ಮಂಡೆ ಬೇನೆ ಬರ್ತದೆ."

"ಹಾಗಾದ್ರೆ ನಿಂತರೆ ಒಳ್ಳೇದು ಅಂತ ಆಗ್ತದಾ?"

"ನಿಂತ್ರೆ ಹಾರೆ ಹಿಡಿದು ಕುತ್ಬೇಕಾದ್ದು ನಾನು," ಎಂದರು ಲೀಲಕ್ಕ. "ನೀವು ಬಿಸಿಲಿಗೆ ತಲೆಗೆ ಎಂತಾದ್ರೂ ಕಟ್ಟಿಕೊಳ್ಳಿ ಮೇಡಂ. ಮುಖ ಒಂದು ನಮೂನೆ ಆಗಿದೆ."

ಲೀಲಕ್ಕನನ್ನು ಪಟ್ಟಿಯಿಂದ ತೆಗೆದೆ. ಪಟ್ಟಿಯಲ್ಲಿ ಆಮೇಲೆ ಉಳಿದದ್ದು ಒಂದೇ ಹೆಸರು. ಅವರಿಗೆ ಕಾರಣವಿತ್ತು, ಹೊಸ ಯಂತ್ರ ನಿಂತರೆ ಹಳೆಯ ಕೆಲಸ ಉಳಿಯುತ್ತದೆ. ಅವಕಾಶವಿತ್ತು, ಫೋನಿನಲ್ಲಿ ಮಾತಾಡುವಾಗ ನನ್ನ ಕಣ್ಣು ತೋಡಿನ ಮೇಲೆ, ಅವರು ಇನ್ನೊಂದು ಬಾಗಿಲಿನಿಂದ ಒಳಗೆ ಬಂದರೆ ಕಾಣುವುದಿಲ್ಲ. ನಾನು ಊರಿಗೆ ಹೋಗಿದ್ದ ಭಾನುವಾರ ಮಿಲ್ಲು ಬೆಳಗಿನಿಂದ ಸಂಜೆಯವರೆಗೆ ಒಮ್ಮೆಯೂ ನಿಲ್ಲದೆ ಓಡಿತ್ತು ಎಂದು ತಿಳಿದಾಗ ನನಗೆ ಪೂರ್ತಿ ಖಚಿತವಾಯಿತು. ನಾನು ಇರುವಾಗ ಮಾತ್ರ ನಿಲ್ಲಿಸುತ್ತಾರೆ. ಅಂದರೆ ದ್ವೇಷ ಯಂತ್ರದ ಮೇಲಲ್ಲ, ನನ್ನ ಮೇಲೆ. ಇಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ಇಷ್ಟು ಶುದ್ಧವಾಗಿ ತಪ್ಪು ಓದಿದವರು ಇನ್ನೊಬ್ಬರು ಇರಲಿಕ್ಕಿಲ್ಲ. ಆದರೆ ಆಗ ನನಗೆ ನನ್ನ ಬುದ್ಧಿಯ ಮೇಲೆ ತುಂಬ ಅಭಿಮಾನ ಬಂತು.

ಬಲೆ ಬೀಸಿದೆ. ಕುಂಕುಮವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಬ್ರೇಕರಿನ ಹಿಡಿಯ ಮೇಲ್ಭಾಗಕ್ಕೆ ತೆಳುವಾಗಿ ಹಚ್ಚಿದೆ. ಕರೆಂಟಿನ ಸಾಮಾನಿಗೆ ಎಣ್ಣೆ ಹಚ್ಚಿದ ಈ ಸಂಗತಿಯನ್ನು ರಾಜೇಶ್ ಸರ್ ಓದದಿರಲಿ ಎಂದು ಪ್ರಾರ್ಥಿಸುತ್ತೇನೆ. ಯಾರು ಇಳಿಸುತ್ತಾರೋ ಅವರ ಬೆರಳು ಕೆಂಪಾಗುತ್ತದೆ. ಅಪರಾಧಿ ತನ್ನ ಕೈಯಿಂದಲೇ ಸಿಕ್ಕಿಬೀಳುತ್ತಾನೆ.

ಸಂಜೆ ಗಾಣ ನಿಂತಿತು. ನಾನು ಅಮ್ಮನ ಫೋನನ್ನು ಅರ್ಧಕ್ಕೇ ಇಟ್ಟು ಅಂಗಳಕ್ಕೆ ಓಡಿ, "ಎಲ್ಲರೂ ಕೈ ತೋರಿಸಿ," ಎಂದೆ.

ವಸಂತಣ್ಣ ಕೈ ಚಾಚಿದರು. ಹೆಬ್ಬೆರಳೂ ತೋರುಬೆರಳೂ ಕೆಂಪು. "ಇದೆಂತ?" ಎಂದು ನಾನು ವಿಜಯದ ದನಿಯಲ್ಲಿ ಕೇಳಿದೆ.

"ಎಲೆ ಅಡಿಕೆ ಮೇಡಂ. ಇದು ಯಾವಾಗ್ಲೂ ಹಾಗೇ ಇರುದು."

ಲೀಲಕ್ಕನ ಉಂಗುರದ ಬೆರಳು ಕೆಂಪು. ಬೆಳಿಗ್ಗೆ ಹಣೆಗೆ ಇಟ್ಟದ್ದು. ಗದ್ದಲ ಕೇಳಿ ಆಗ ತಾನೆ ಬಂದ ಹಾಜಿಯವರೂ ಏನು ಎತ್ತ ಎಂದು ಕೇಳದೆ ಎರಡೂ ಕೈ ನನ್ನೆದುರು ಹಿಡಿದರು. ಹತ್ತು ಬೆರಳೂ ಕೆಂಪು. ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡ ದಿನ ಅದು. ಎಲೆ ಅಡಿಕೆ, ಕುಂಕುಮ, ಮದರಂಗಿ ಎಲ್ಲ ಇರುವ ಊರಿನಲ್ಲಿ ಕೆಂಪು ಬಣ್ಣದ ಬಲೆ ಬೀಸಿದ ಪತ್ತೇದಾರಿಣಿ ನಾನು.

ನನ್ನ ಬೆರಳೂ ಕೆಂಪಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಚ್ಚಿದವಳು ನಾನೇ ತಾನೆ? ಚೂಡಿದಾರದ ಬದಿಗೂ ಒಂದಿಷ್ಟು ಮೆತ್ತಿತ್ತು. ಪೀಜಿಯಲ್ಲಿ ಸೋಪು ಹಾಕಿ ತಿಕ್ಕುತ್ತಾ, ಈ ಕಳ್ಳನಿಂದಾಗಿ ನನಗೆ ಒಗೆಯುವ ಕೆಲಸವೂ ಹೆಚ್ಚಾಯಿತಲ್ಲ ಎಂದು ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಮರುದಿನ ಹಾಜಿಯವರ ಕೋಣೆಗೆ ಹೋಗಿ ಹೇಳಿಬಿಟ್ಟೆ. "ಹಾಜಿಯವರೇ, ಮಿಲ್ಲು ನಿಲ್ಲಿಸುದು ವಸಂತಣ್ಣ."

ಹಾಜಿಯವರು ಏಲಕ್ಕಿ ಜಗಿಯುವುದನ್ನು ನಿಲ್ಲಿಸಿದರು. "ವಸಂತನಾ? ಅವ ಮಿಲ್ಲಿನ ಪಾಯ ತೋಡುವಾಗಿಂದ ನನ್ನೊಟ್ಟಿಗೆ ಉಂಟು ಮೋಳೆ," ಎಂದರು. ಮಗಳೇ ಎಂದು ಅವರು ನನ್ನನ್ನು ಕರೆಯುವುದು ಹಾಗೆ.

"ಅದಕ್ಕೇ ಅವರಿಗೆ ಹೊಸ ಮೆಷಿನ್ ಆಗುದಿಲ್ಲ."

"ನೀನು ಕಣ್ಣಲ್ಲಿ ಕಂಡಿದ್ದೀಯಾ?"

"ಕಾಣ್ಲಿಕ್ಕೆ ಕ್ಯಾಮೆರಾ ಇಡ್ತೇನೆ."

ಹಾಜಿಯವರು ಮೇಜಿನ ಮೇಲಿನ ಎಣ್ಣೆಯ ಬಾಟ್ಲಿಯನ್ನು ಬದಿಗೆ ಸರಿಸಿದರು. "ಇಡು," ಎಂದರು. "ಅವನೇ ಅಂತ ಕಂಡ್ರೆ ನಾನು ಅವನನ್ನು ಇಟ್ಟುಕೊಳ್ಳುದಿಲ್ಲ. ಆದ್ರೆ ನೋಡುದಿದ್ರೆ ಎಲ್ಲರೆದುರು ನೋಡುವ. ಅವನೆದುರೂ."

ಬಾಗಿಲಿನ ಹೊರಗೆ ವಸಂತಣ್ಣ ಹಿಂಡಿಯ ಗೋಣಿ ಹೊತ್ತುಕೊಂಡು ನಿಂತಿದ್ದರು. ಎಲ್ಲ ಕೇಳಿಸಿತ್ತು. ಗೋಣಿಯನ್ನು ಹೆಗಲಿಗೆ ಸರಿಮಾಡಿಕೊಂಡು ನಡೆದರು. ದಿನವೂ ನಾವು ಮೂವರೂ ಒಟ್ಟಿಗೆ ಕೂತು ಉಣ್ಣುವುದು ವಾಡಿಕೆಯಾಗಿತ್ತು. ವಸಂತಣ್ಣನ ಬುತ್ತಿಯಲ್ಲಿ ಉಪ್ಪಿನಕಾಯಿ ಇದ್ದರೆ ನನಗೊಂದು ಹೋಳು ಇದ್ದೇ ಇರುತ್ತಿತ್ತು. ಆವತ್ತು ಅವರು ಬುತ್ತಿ ತೆಗೆದುಕೊಂಡು ತೋಡಿನ ಬದಿಗೆ ಹೋಗಿ ಒಬ್ಬರೇ ಕೂತರು. ಲೀಲಕ್ಕ ನನ್ನೆದುರು ಕೂತರೂ ಬೆನ್ನು ತಿರುಗಿಸಿಕೊಂಡಿದ್ದರು. ನಾನು ಬುತ್ತಿಯನ್ನು ಅರ್ಧಕ್ಕೇ ಮುಚ್ಚಿದೆ. ಆದರೂ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ, ಸತ್ಯದ ದಾರಿಯಲ್ಲಿ ಉಪ್ಪಿನಕಾಯಿ ಸಿಗುವುದಿಲ್ಲ.

ಪುತ್ತೂರಿನಿಂದ ಒಂದು ಪುಟ್ಟ ಕ್ಯಾಮೆರಾ ತಂದೆ. ಸ್ಟೂಲು ಹಾಕಿ, ಎದುರು ಗೋಡೆಗೆ ನಾನೇ ಮೊಳೆ ಹೊಡೆದು, ಬ್ರೇಕರ್ ಸರಿಯಾಗಿ ನಡುವಿಗೆ ಬರುವಂತೆ ನಾನೇ ಕೂರಿಸಿದೆ. ಶಬ್ದವೂ ದಾಖಲಾಗುತ್ತದೆಯೇ ಎಂದು ಎರಡೆರಡು ಸಲ ಪರೀಕ್ಷಿಸಿದೆ. ಅಪರಾಧಿ ಏನಾದರೂ ಗೊಣಗಿದರೆ ಅದೂ ಸಿಗಲಿ ಎಂಬ ದೂರಾಲೋಚನೆ.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಒಂದು ಸಂಜೆ ಆಕಾಶ ತಿಳಿಯಾಗಿತ್ತು, ತೋಡಿನ ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಅಮ್ಮನ ಫೋನು ಬಂತು. ಗಾಣ ನಿಂತಿತು. ಅಮ್ಮನಿಗೆ ಇಡ್ತೇನೆ ಎಂದು ಹೇಳಿ ನಾನು ಓಡಲಿಲ್ಲ, ಮೆಲ್ಲನೆ ನಡೆದೆ. ಇನ್ನು ಓಡುವ ಅಗತ್ಯ ಏನಿದೆ? ಗಾಣ ನೋಡಿ ವಾಪಸು ಬಂದಾಗ ಬ್ರೇಕರ್ ಕೆಳಗಿತ್ತು, ವಸಂತಣ್ಣ ಎಂದಿನಂತೆ ಅದರೆದುರು ನಿಂತಿದ್ದರು. ನಾನು ಕ್ಯಾಮೆರಾದಿಂದ ಕಾರ್ಡು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಹಾಜಿಯವರ ಕೋಣೆಯಲ್ಲಿ ದೊಡ್ಡದೊಂದು ಟಿವಿ ಇದೆ. ಅದರೆದುರು ಎಲ್ಲರೂ ಸೇರಿದರು. ಸುದ್ದಿ ತಿಳಿದು ರಾಜೇಶ್ ಸರ್ ಕೂಡ ಪುತ್ತೂರಿನಿಂದ ಬೈಕಿನಲ್ಲಿ ಬಂದಿದ್ದರು. ನನ್ನ ಜಾಣತನ ನೋಡಲು ಸರ್ ಕೂಡ ಇದ್ದದ್ದರಿಂದ ನನಗೆ ತುಂಬ ಸಂತೋಷವಾಯಿತು. ವಸಂತಣ್ಣ ಬಾಗಿಲ ಬಳಿ ನಿಂತಿದ್ದರು. ಬುತ್ತಿ, ಕೊಡೆ, ಹಳೆಯ ಗಾಣದ ಸ್ಪ್ಯಾನರ್ ಎಲ್ಲ ಒಂದು ಚೀಲದಲ್ಲಿ ಕಟ್ಟಿಕೊಂಡಿದ್ದರು. ಹೊರಡುವ ತಯಾರಿ. ಅವರ ಕಣ್ಣು ಟಿವಿಯ ಮೇಲಿರಲಿಲ್ಲ, ನೆಲದ ಮೇಲಿತ್ತು.

"ಹಾಕು," ಎಂದರು ಹಾಜಿಯವರು.

ಹಾಕಿದೆ. ಪರದೆಯ ನಡುವಿನಲ್ಲಿ ಬ್ರೇಕರ್. ಹಿಡಿ ಮೇಲಿದೆ. ಗಾಣದ ಶಬ್ದ ಕೇಳುತ್ತಿದೆ. ಆಮೇಲೆ ಫೋನು ರಿಂಗಾದ ಶಬ್ದ. ಪರದೆಯ ಅಂಚಿನಿಂದ ಒಂದು ಹೆಣ್ಣು ಆಕೃತಿ ಬಂದು ಕಿಟಕಿಗೆ ಒರಗಿತು. ಹಸಿರು ಚೂಡಿದಾರ, ಅದರ ಬದಿಯಲ್ಲಿ ತೊಳೆದರೂ ಹೋಗದ ಕೆಂಪು ಕಲೆ.

"ಹ್ಞಾಂ ಅಮ್ಮಾ... ಊಟ ಆಯ್ತು... ಅಲ್ಲಿ ಗುಡುಗ್ತಾ ಉಂಟಾ? ಇಲ್ಲಿ ಒಳ್ಳೆ ಬಿಸಿಲು ಉಂಟು... ಅಲ್ಲಮ್ಮ, ಒಂದು ಮೋಡ ಸಹ ಇಲ್ಲ... ಆಯ್ತು, ಆಯ್ತು..."

ಆ ಆಕೃತಿ ಹೊರಗಿನ ತೋಡನ್ನೇ ನೋಡುತ್ತಿತ್ತು. ಅದರ ಎಡಗೈಯಲ್ಲಿ ಫೋನು. ಬಲಗೈ ತನ್ನಷ್ಟಕ್ಕೆ ಮೇಲೆ ಹೋಯಿತು. ತಡಕಾಡಲಿಲ್ಲ, ಹುಡುಕಲಿಲ್ಲ, ಸೀದಾ ಬ್ರೇಕರಿನ ಹಿಡಿಯನ್ನು ಹಿಡಿದು ಮೆತ್ತಗೆ ಕೆಳಗಿಳಿಸಿತು.

"ಮೈನ್ ತೆಗ್ದೆ ಅಮ್ಮಾ."

ಗಾಣದ ಶಬ್ದ ಇಳಿಯುತ್ತಾ ನಿಂತಿತು. ಆ ಆಕೃತಿ ಬೆಚ್ಚಿಬಿದ್ದು, "ಅಮ್ಮಾ ಇಡ್ತೇನೆ, ಮೆಷಿನ್ ನಿಂತಿತು," ಎಂದು ಅತ್ಯಂತ ಪ್ರಾಮಾಣಿಕವಾದ ಗಾಬರಿಯಿಂದ ಹೇಳಿ, ಪರದೆಯಿಂದ ಹೊರಗೆ ನಡೆಯಿತು. ಸ್ವಲ್ಪ ಹೊತ್ತಿನಲ್ಲಿ ವಸಂತಣ್ಣ ಒಳಗೆ ಬಂದು, ಅತ್ತ ಇತ್ತ ನೋಡಿ, "ಮೇಡಂ?" ಎಂದು ಕರೆದು, ಕಾಯುತ್ತಾ ನಿಂತರು. ಪಾಪ, ಪ್ರತಿ ಸಲವೂ ಅವರು ಬರುತ್ತಿದ್ದದ್ದು ನನ್ನನ್ನು ಹುಡುಕಿಕೊಂಡು.

ಲೀಲಕ್ಕ ಪರದೆಗೆ ಹತ್ತಿರ ಹೋಗಿ ನೋಡಿ, ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಇದು ನಿಮ್ಮ ಚೂಡಿದಾರ ಅಲ್ವಾ ಮೇಡಂ?"

ನಾನು ಅದನ್ನೇ ಹಾಕಿಕೊಂಡಿದ್ದೆ. ಅಲ್ಲ ಎನ್ನಲು ಸಾಧ್ಯವಿರಲಿಲ್ಲ. ಇನ್ನೊಮ್ಮೆ ಹಾಕಿ ನೋಡುವ ಎಂದೆ, ಏನೋ ತಾಂತ್ರಿಕ ದೋಷ ಇರಬಹುದು ಎಂಬ ಆಸೆಯಿಂದ. ಇನ್ನೊಮ್ಮೆ ಹಾಕಿದಾಗ ಕೈ ಇನ್ನೂ ಸ್ಪಷ್ಟವಾಗಿ ಕಂಡಿತು. ಯಂತ್ರ ಸುಳ್ಳು ಹೇಳುವುದಿಲ್ಲ.

ನಮ್ಮ ಊರಲ್ಲಿ ಗುಡುಗಿದಾಗಲೆಲ್ಲ ಅಮ್ಮನಿಗೆ ಕರೆಂಟಿನ ಕೆಲಸದ ಮಗಳ ನೆನಪಾಗುತ್ತದೆ. ಗುಡುಗು ಘಟ್ಟದ ಕಡೆಯಿಂದ ಇಳಿದು ಇಲ್ಲಿಗೆ ಮುಟ್ಟುವ ಮೊದಲೇ ಅವಳ ಫೋನು ಮುಟ್ಟುತ್ತದೆ. "ಮೈನ್ ತೆಗ್ದಾಯ್ತಾ?" ಎಂಬ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, 'ತೆಗ್ದೆ' ಎನ್ನುವುದು ನನ್ನ ಬಾಯಿ, ತೆಗೆಯುವುದು ನನ್ನ ಕೈ. ನಡುವೆ ತಲೆಗೆ ಕೆಲಸವೇ ಇಲ್ಲ. ಆ ಮಿಲ್ಲಿಗೆ ಅಷ್ಟೆಲ್ಲ ಸೆನ್ಸರ್ ಹಾಕಿ, ಪ್ರೋಗ್ರಾಮ್ ಬರೆದು, ಮನುಷ್ಯರ ಕೈ ತಾಗದ ಹಾಗೆ ಮಾಡಲು ಹೊರಟಿದ್ದೆವಲ್ಲ, ಇಡೀ ಮಿಲ್ಲಿನಲ್ಲಿ ಒಮ್ಮೆಯೂ ತಪ್ಪದೆ ತನ್ನಷ್ಟಕ್ಕೆ ಕೆಲಸ ಮಾಡಿದ್ದು ನಾನೊಬ್ಬಳೇ.

ಮೊದಲು ನಕ್ಕವರು ಹಾಜಿಯವರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ನನ್ನ ಮನೆಯಲ್ಲಿಯೂ ಹಾಗೇ ಮೋಳೆ," ಎಂದರು. "ಮೋಡ ಕಂಡ್ರೆ ಸಾಕು, ಬೀವಿ ಫ್ರಿಜ್ಜಿನ ಪ್ಲಗ್ ತೆಗಿತಾಳೆ. ಮೀನು ಎಷ್ಟು ಹಾಳಾಯ್ತು ಅಂತ ಲೆಕ್ಕ ಇಲ್ಲ." ರಾಜೇಶ್ ಸರ್ ಕರವಸ್ತ್ರದಿಂದ ಮುಖ ಒರೆಸುವ ನೆಪದಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ನಗುತ್ತಿದ್ದಾರೋ ನನ್ನನ್ನು ಕೆಲಸದಿಂದ ತೆಗೆಯುವ ಮಾತು ಜೋಡಿಸುತ್ತಿದ್ದಾರೋ ಗೊತ್ತಾಗಲಿಲ್ಲ.

ನಗದೆ ಇದ್ದವರು ವಸಂತಣ್ಣ ಒಬ್ಬರೇ. ಅವರ ಕೈಯಲ್ಲಿ ಆ ಚೀಲ ಇನ್ನೂ ಇತ್ತು. ಅದನ್ನು ನೋಡಿ ನನಗೆ ಅಳು ಬಂತು. ನನ್ನ ಕೆಲಸ ಉಳಿಯಲಿ ಎಂದು ಒಬ್ಬ ಮನುಷ್ಯನ ಅನ್ನ ಕಿತ್ತುಕೊಳ್ಳಲು ಹೊರಟಿದ್ದೆನಲ್ಲ. ಅದೂ ಎಷ್ಟು ಹುಮ್ಮಸ್ಸಿನಿಂದ.

"ವಸಂತಣ್ಣಾ, ನನ್ನಿಂದ ದೊಡ್ಡ ತಪ್ಪಾಯ್ತು," ಎಂದೆ. "ಎಂತ ಹೇಳ್ಬೇಕು ಗೊತ್ತಾಗುದಿಲ್ಲ."

ಅವರು ಚೀಲವನ್ನು ಕೆಳಗಿಟ್ಟರು. ಅದರಿಂದ ಸ್ಪ್ಯಾನರ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಾಣ ಬಿಚ್ಚಬೇಕಿತ್ತಲ್ಲ, ಒಳಗೆ ಕೊಬ್ಬರಿ ತಣಿಯುತ್ತಿತ್ತು. ಬಾಗಿಲು ದಾಟುವ ಮೊದಲು ತಿರುಗಿ ನಿಂತರು.

"ಮೇಡಂ, ನಾಳೆಯಿಂದ ಸಂಜೆಗೆ ನಿಮ್ಮ ಫೋನ್ ನನ್ನ ಹತ್ರ ಕೊಡಿ. ನಿಮ್ಮ ಅಮ್ಮನ ಹತ್ರ ನಾನು ಮಾತಾಡ್ತೇನೆ."

ಹೀಗೆ ಆಟೋಮೇಷನ್ ಬಂದ ಮೇಲೆ ವಸಂತಣ್ಣನಿಗೆ ಉನ್ನತವಾದ ಕೆಲಸ ಸಿಕ್ಕಿತು. ಮಿಲ್ಲು ಆಮೇಲೆ ನಿಲ್ಲಲಿಲ್ಲ. ದೀಪಾವಳಿ ಮುಗಿಯಿತು, ನನ್ನ ಕೆಲಸ ಖಾಯಂ ಆಯಿತು, ಬುತ್ತಿಯ ಹೊತ್ತಿಗೆ ಉಪ್ಪಿನಕಾಯಿಯ ಹೋಳು ಮತ್ತೆ ಬರತೊಡಗಿತು. ಬ್ರೇಕರಿಗೆ ಸರ್ ಒಂದು ಪೆಟ್ಟಿಗೆ ಮಾಡಿಸಿ ಬೀಗ ಹಾಕಿದರು. ಬೀಗದ ಕೈ ವಸಂತಣ್ಣನ ಸೊಂಟದಲ್ಲಿ. ಸಂಜೆ ಕಲ್ಲುಗುಂಡಿಯಲ್ಲಿ ಗುಡುಗಿದರೆ ಅವರು ಕಿಟಕಿಗೆ ಒರಗಿ, "ಹೌದು ಅಕ್ಕ, ತೆಗ್ದಿದ್ದೇನೆ ಅಕ್ಕ, ಮೇಡಂ ದೂರ ಇದ್ದಾರೆ, ಹೆದ್ರಬೇಡಿ," ಎನ್ನುತ್ತಾರೆ. ಗಾಣ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಗುಡುಗು ನಿಜವಾಗಿಯೂ ಇಲ್ಲಿಗೆ ಬಂದ ದಿನ ಗಾಣ ಪೂರ್ತಿ ಖಾಲಿ ಮಾಡಿ, ಆಮೇಲೆಯೇ ಅವರು ಬೀಗ ತೆಗೆದು ಇಳಿಸುವುದು.

ಮೊನ್ನೆ ಊರಿಗೆ ಹೋದಾಗ ಅಮ್ಮ ಹೇಳಿದಳು. "ಆ ವಸಂತ ಒಳ್ಳೆ ಜನ. ಹೇಳಿದ ಕೂಡ್ಲೇ ತೆಗಿತಾನೆ. ನಿನ್ನ ಹಾಗೆ ಅರ್ಧದಲ್ಲಿ ಫೋನ್ ಇಟ್ಟು ಓಡುದಿಲ್ಲ."

ಕ್ಯಾಮೆರಾ ತೆಗೆದುಬಿಡಲೇ ಎಂದು ಸರ್ ಹತ್ತಿರ ಕೇಳಿದ್ದೆ. ಬೇಡ, ಅಲ್ಲೇ ಇರಲಿ ಎಂದರು. ಮರುದಿನ ನೋಡಿದರೆ ಯಾರೋ ಅದನ್ನು ಸ್ವಲ್ಪ ತಿರುಗಿಸಿದ್ದರು. ಯಾರಿರಬಹುದು ಎಂದು ನನಗೆ ಬಲವಾದ ಸಂಶಯವಿದೆ, ಆದರೆ ನಾನು ಈಗ ಯಾರನ್ನೂ ವಿಚಾರಿಸುವುದಿಲ್ಲ. ಅದರಲ್ಲಿ ಈಗ ಬ್ರೇಕರ್ ಕಾಣುವುದಿಲ್ಲ, ನನ್ನ ಕುರ್ಚಿ ಮಾತ್ರ ಕಾಣುತ್ತದೆ.